ಹೆಬ್ಬೆಟ್ಟು ಒಪ್ಪದಿದ್ದರೆ ಕಣ್ಣಿದೆ

ಓದುಗರ ಪ್ರಶ್ನೆ, ತಜ್ಞರ ಉತ್ತರ

ರೇಷನ್, ಪಿಂಚಣಿ, ಮಕ್ಕಳ ಆಧಾರ್, ಗಲ್ಫ್ ಪ್ರಯಾಣ: ಹಲವು ಕಡೆ ಈಗ "ಕಣ್ಣು ತೋರಿಸಿ" ಎನ್ನುತ್ತಾರೆ. ಈ ಬಗ್ಗೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿಗೆ ಕಣ್ಣಿನ ವೈದ್ಯರೂ ಬಯೋಮೆಟ್ರಿಕ್ ತಂತ್ರಜ್ಞರೂ ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಸಣ್ಣ ಪ್ರಾಯದಿಂದ ಬೀಡಿ ಕಟ್ಟುತ್ತಾ ಬಂದವಳು. ಸೊಸೈಟಿಯಲ್ಲಿ ರೇಷನ್‌ಗೆ ಹೆಬ್ಬೆಟ್ಟು ಇಟ್ಟರೆ ಮೆಷಿನ್ ತೆಗೆದುಕೊಳ್ಳುವುದೇ ಇಲ್ಲ. ಕಣ್ಣು ತೋರಿಸಿದರೆ ಆಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಹೌದಾ? ಎಂತ ಮಾಡಬೇಕು?
– ಬೀಡಿ ಕಾರ್ಮಿಕೆ, ಮೂಡುಬಿದಿರೆ

ಉತ್ತರ: ಹೌದಮ್ಮ, ಆಗುತ್ತದೆ. ನಿಮ್ಮ ಆಧಾರ್ ಮಾಡಿಸಿದ ದಿನ ಹತ್ತು ಬೆರಳು, ಎರಡು ಕಣ್ಣು, ಮುಖದ ಫೋಟೊ ಮೂರನ್ನೂ ತೆಗೆದಿಟ್ಟಿದ್ದಾರೆ. ಬೆರಳು ಒಪ್ಪದಿದ್ದರೆ ಕಣ್ಣಿನಿಂದ ಗುರುತು ಹಿಡಿಯಲಿ ಎಂದೇ ಅದನ್ನು ಸೇರಿಸಿದ್ದು.

ತೊಂದರೆ ನಿಮ್ಮೊಬ್ಬರದ್ದಲ್ಲ. ಬೀಡಿ ಎಲೆ ಕತ್ತರಿಸಿ, ಹೊಗೆಸೊಪ್ಪು ಹಾಕಿ, ಸುರುಳಿ ಸುತ್ತಿ, ತುದಿ ಮಡಚುವಷ್ಟರಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಒಣ ಎಲೆಗೆ ಮತ್ತೆ ಮತ್ತೆ ಉಜ್ಜುತ್ತದೆ. ದಿನವಿಡೀ ಹೀಗೆ ಉಜ್ಜಿದ ಚರ್ಮದಲ್ಲಿ ಗೆರೆಗಳು ಸವೆದು ನುಣ್ಣಗಾಗುತ್ತವೆ. ಗೇರುಬೀಜದ ಕಾರ್ಖಾನೆಯವರ ಪಾಡು ಇನ್ನೂ ಕಷ್ಟ. ಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲ ಚರ್ಮವನ್ನು ಸುಟ್ಟು ಪದರ ಪದರವಾಗಿ ಏಳಿಸುತ್ತದೆ. ಮೀನು ಕೊಯ್ಯುವವರ ಬೆರಳು ಐಸ್ ಮತ್ತು ಉಪ್ಪುನೀರಿನಲ್ಲಿ ನೆನೆದು ಸುಕ್ಕುಗಟ್ಟುತ್ತದೆ. ಮೇಲಿನ ಚರ್ಮ ಮಾತ್ರ ಸವೆದಿದ್ದರೆ ಕೆಲಸಕ್ಕೆ ಕೆಲವು ವಾರ ಬಿಡುವು ಸಿಕ್ಕಾಗ ಗೆರೆ ಮತ್ತೆ ಮೂಡುತ್ತದೆ, ಆದರೆ ದುಡಿಯುವವರಿಗೆ ಅಷ್ಟು ಬಿಡುವು ಎಲ್ಲಿಂದ?

ಹಾಗಾಗಿ ಮೊದಲು ಮಾಡಬೇಕಾದ ಸುಲಭದ ಕೆಲಸ: ಬೇರೆ ಬೆರಳು ಇಟ್ಟು ನೋಡಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವುದಾದರೂ ಆಗುತ್ತದೆ. ಬೀಡಿ ಕಟ್ಟುವವರಲ್ಲಿ ಉಂಗುರಬೆರಳು ಮತ್ತು ಕಿರುಬೆರಳು ಕಡಿಮೆ ಸವೆದಿರುತ್ತವೆ. ಸೋಪು ಹಾಕಿ ಕೈ ತೊಳೆದು ಒರಸಿ. ಚರ್ಮ ತೀರಾ ಒಣಗಿದ್ದರೆ ಒಂದು ಹನಿ ತೆಂಗಿನೆಣ್ಣೆ ಸವರಿ, ಬಟ್ಟೆಯಿಂದ ಒರಸಿದ ಮೇಲೆ ಬೆರಳಿಡಿ. ಎಣ್ಣೆ ಜಿಡ್ಡು ಹಾಗೇ ಉಳಿದರೆ ಯಂತ್ರದ ಗಾಜು ಮಸುಕಾಗಿ ನಿಮ್ಮ ಹಿಂದಿನವರದ್ದೂ ಕೆಡುತ್ತದೆ.

ಅದೂ ಆಗದಿದ್ದರೆ "ಐರಿಸ್ ಮೆಷಿನ್ ಇದೆಯಾ" ಎಂದು ಕೇಳಿ. ಪಾಪೆ ಎಂದರೆ ಕಣ್ಣಿನ ನಡುವಿನ ಕಪ್ಪು ರಂಧ್ರ. ಅದರ ಸುತ್ತ ಇರುವ ಕಂದು ಉಂಗುರವೇ ಐರಿಸ್, ಸುಮಾರು 12 ಮಿಲಿಮೀಟರ್ ಅಗಲದ್ದು. ಬೆಳಕು ಹೆಚ್ಚಾದಾಗ ಪಾಪೆಯನ್ನು ಕಿರಿದು ಮಾಡಿ, ಕಡಿಮೆಯಾದಾಗ ಅಗಲ ಮಾಡುವ ಸ್ನಾಯುಗಳು ಇದರಲ್ಲಿವೆ. ಅದರ ಮೇಲಿನ ನಾರು, ಗುಳಿ, ಮಡಿಕೆಗಳ ವಿನ್ಯಾಸ ತಾಯಿಯ ಹೊಟ್ಟೆಯಲ್ಲಿ ಮೂರನೇ ತಿಂಗಳಿಂದ ಮೂಡತೊಡಗಿ ಎಂಟನೇ ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ. ಮುಂದೆ ಕಾರ್ನಿಯಾ ಎಂಬ ಪಾರದರ್ಶಕ ಹೊದಿಕೆ ಇರುವುದರಿಂದ ನಿಮ್ಮ ಕೆಲಸದ ಧೂಳೂ ಎಲೆಯೂ ಅದನ್ನು ಮುಟ್ಟುವುದಿಲ್ಲ.

ಕಣ್ಣು ತೋರಿಸುವಾಗ ಹೀಗೆ ಮಾಡಿ. ಕನ್ನಡಕ ತೆಗೆಯಿರಿ. ಅಂಗಡಿಯ ಜಗಲಿಯಲ್ಲಿ ಬಿಸಿಲಿಗೆ ನಿಲ್ಲದೆ ಒಳಗೆ ನೆರಳಿನಲ್ಲಿ ಕುಳಿತುಕೊಳ್ಳಿ. ಬಿಸಿಲಾಗಲಿ ಟ್ಯೂಬ್‌ಲೈಟಾಗಲಿ ಕಣ್ಣಿನಲ್ಲಿ ಹೊಳೆಯುತ್ತಿದ್ದರೆ ಆ ಹೊಳಪಿನ ಜಾಗದಲ್ಲಿ ಯಂತ್ರಕ್ಕೆ ಏನೂ ಕಾಣುವುದಿಲ್ಲ. ನಾಲ್ಕೈದು ಸಲ ರೆಪ್ಪೆ ಮಿಟುಕಿಸಿ ಕಣ್ಣು ತೇವ ಮಾಡಿಕೊಂಡು, ತಲೆ ಓರೆ ಮಾಡದೆ, ಯಂತ್ರದ ಕನ್ನಡಿಯಲ್ಲಿ ನಿಮ್ಮ ಕಣ್ಣು ನಡುವೆ ಕಾಣುವಂತೆ ನೇರ ನೋಡಿ. ಕಣ್ಣನ್ನು ಸಿಟ್ಟಿನಿಂದ ದಿಟ್ಟಿಸುವವರ ಹಾಗೆ ಅರಳಿಸಬೇಕು, ಆಗ ರೆಪ್ಪೆ ಪೂರ್ತಿ ಮೇಲೇಳುತ್ತದೆ. ಪ್ರಾಯದಿಂದ ರೆಪ್ಪೆ ಜೋತುಬಿದ್ದಿದ್ದರೆ ಹುಬ್ಬನ್ನು ಒಂದು ಬೆರಳಿನಿಂದ ಮೇಲೆತ್ತಿ ಹಿಡಿಯಬಹುದು. ಎರಡು ಮೂರು ಸೆಕೆಂಡು ಅಲುಗಾಡದಿದ್ದರೆ ಸಾಕು.

ಆ ಯಂತ್ರವೇ ಇಲ್ಲ ಎಂದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಕೇಳಿ. ಅದೂ ಇಲ್ಲದಿದ್ದರೆ ಕಾರ್ಡ್ ನೋಡಿ, ವಿನಾಯಿತಿ ದಾಖಲೆಯಲ್ಲಿ ಬರೆದು ಕೊಡುವ ಕ್ರಮವಿದೆ. ಯಂತ್ರ ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ರೇಷನ್ ನಿಲ್ಲಿಸಬಾರದು ಎಂದು 2017ರ ಅಕ್ಟೋಬರ್‌ನಲ್ಲೇ ಸೂಚನೆ ಹೋಗಿದೆ. ಇದನ್ನು ಧೈರ್ಯವಾಗಿ ಹೇಳಿ. ಅಕ್ಕಿ ನಿಮ್ಮ ಹಕ್ಕು, ಬೆರಳಿನ ಗೆರೆ ಸವೆದದ್ದು ದುಡಿಮೆಯಿಂದ.

ಪ್ರಶ್ನೆ: ಕೆಲವರು ರೆಟಿನಾ ಸ್ಕ್ಯಾನ್ ಎನ್ನುತ್ತಾರೆ, ಕೆಲವರು ಐರಿಸ್ ಸ್ಕ್ಯಾನ್. ಎರಡೂ ಒಂದೆಯೇ? ಯಂತ್ರ ಒಳಗೆ ಏನು ಲೆಕ್ಕ ಹಾಕುತ್ತದೆ? ಸ್ವಲ್ಪ ಆಳವಾಗಿಯೇ ವಿವರಿಸಿ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಒಂದೇ ಅಲ್ಲ. ರೆಟಿನಾ ಕಣ್ಣಿನ ಹಿಂಬದಿಯ ಪರದೆ, ಅಲ್ಲಿನ ರಕ್ತನಾಳಗಳ ಹರಡಿಕೆಯೂ ಒಬ್ಬೊಬ್ಬರದ್ದು ಒಂದೊಂದು ಥರ. ಇದನ್ನು ಸೈಮನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವೈದ್ಯರು 1935ರಲ್ಲೇ ಬರೆದಿದ್ದರು. ಆದರೆ ಅದನ್ನು ಓದಲು ಕಣ್ಣನ್ನು ಯಂತ್ರಕ್ಕೆ ತೀರಾ ಹತ್ತಿರ ಒಡ್ಡಿ, ಪಾಪೆಯ ಒಳಕ್ಕೆ ಬೆಳಕು ಹಾಯಿಸಿ, ಒಂದೇ ಬಿಂದುವನ್ನು ನೋಡುತ್ತಾ ಇರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಆ ನಾಳಗಳನ್ನು ಬದಲಿಸುತ್ತವೆ ಕೂಡ. ಜನಸಾಮಾನ್ಯರ ಬಳಕೆಗೆ ಅದು ಒಗ್ಗಲಿಲ್ಲ. ಆಧಾರ್‌ನಲ್ಲಿರುವುದು ಐರಿಸ್.

ಐರಿಸ್‌ನಿಂದ ಗುರುತು ಹಿಡಿಯಬಹುದೆಂದು 1936ರಲ್ಲಿ ಸೂಚಿಸಿದವರು ಫ್ರಾಂಕ್ ಬರ್ಚ್ ಎಂಬ ಅಮೆರಿಕದ ನೇತ್ರವೈದ್ಯರು. ಫ್ಲಾಮ್ ಮತ್ತು ಸಫೀರ್ ಎಂಬ ಇಬ್ಬರು 1987ರಲ್ಲಿ ಈ ವಿಚಾರಕ್ಕೆ ಪೇಟೆಂಟ್ ಪಡೆದರು. ಲೆಕ್ಕದ ದಾರಿಯನ್ನು ಕೊಟ್ಟವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಜಾನ್ ಡಾಗ್ಮನ್, ಅವರ ಪೇಟೆಂಟ್ 1994ರದ್ದು. ಇಂದಿಗೂ ಹೆಚ್ಚಿನ ವ್ಯವಸ್ಥೆಗಳ ಬೇರು ಅದರಲ್ಲೇ ಇದೆ.

ಮೊದಲು ಬೆಳಕು. ನಮ್ಮವರ ಐರಿಸ್ ಗಾಢ ಕಂದು. ಅದರಲ್ಲಿರುವ ಮೆಲನಿನ್ ಎಂಬ ಬಣ್ಣದ ವಸ್ತು ಸಾಮಾನ್ಯ ಬೆಳಕನ್ನು ಹೀರಿಬಿಡುವುದರಿಂದ ಮಾಮೂಲಿ ಕ್ಯಾಮೆರಾಕ್ಕೆ ಕಪ್ಪು ಉಂಗುರದಷ್ಟೇ ಕಾಣುತ್ತದೆ. 700ರಿಂದ 900 ನ್ಯಾನೊಮೀಟರ್ ಅಲೆಯುದ್ದದ ಸಮೀಪ ಅವಕೆಂಪು (ನಿಯರ್ ಇನ್‌ಫ್ರಾರೆಡ್) ಬೆಳಕನ್ನು ಮೆಲನಿನ್ ಅಷ್ಟಾಗಿ ಹೀರುವುದಿಲ್ಲ. ಆ ಬೆಳಕಿನಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರದಲ್ಲಿ ನಾರು ನಾರೂ ಬಿಡಿಸಿ ಕಾಣುತ್ತದೆ. ಮೊದಲ ಬಾರಿ ಇಂತಹ ಚಿತ್ರ ನೋಡಿದವರು ತಮ್ಮದೇ ಕಣ್ಣೆಂದು ನಂಬುವುದಿಲ್ಲ. ಪಾಪೆಯ ಅಂಚಿನಲ್ಲಿ ಹಲ್ಲುಹಲ್ಲಾದ ವಲಯ, ಅಲ್ಲಿಂದ ಹೊರಕ್ಕೆ ಕವಲೊಡೆದು ಹರಿಯುವ ಎಳೆಗಳು, ನಡುನಡುವೆ ಗುಳಿಗಳು, ಹೊರ ಅಂಚಿನ ಹತ್ತಿರ ಪಾಪೆ ಹಿಗ್ಗಿದಾಗ ಬೀಳುವ ವೃತ್ತಾಕಾರದ ಮಡಿಕೆಗಳು. ಸಾಮಾನ್ಯವಾಗಿ ಚಿತ್ರ 640 ಗುಣಿಸು 480 ಪಿಕ್ಸೆಲ್‌ನದ್ದು. ಅದರಲ್ಲಿ ಐರಿಸ್‌ನ ಅಡ್ಡಗಲ ಸುಮಾರು 200 ಪಿಕ್ಸೆಲ್ ಬಂದರೆ ಒಳ್ಳೆಯದು, 150ಕ್ಕಿಂತ ಇಳಿದರೆ ಪ್ರಯೋಜನವಿಲ್ಲ.

ಇನ್ನು ಲೆಕ್ಕ. ತಂತ್ರಾಂಶ ಪಾಪೆಯ ಅಂಚನ್ನೂ, ಐರಿಸ್ ಬಿಳಿಗುಡ್ಡೆಗೆ ಸೇರುವ ಅಂಚನ್ನೂ ಹುಡುಕುತ್ತದೆ. ಎರಡರ ನಡುವಿನ ಉಂಗುರವನ್ನು ಬಿಡಿಸಿ ಉದ್ದನೆಯ ಪಟ್ಟಿಯಾಗಿ ಹಾಸುತ್ತದೆ. ಪಾಪೆ ಹಿಗ್ಗಲಿ ಕುಗ್ಗಲಿ, ಈ ಪಟ್ಟಿಯ ಅಳತೆ ಒಂದೇ. ಪಟ್ಟಿಯ 1024 ಜಾಗಗಳಲ್ಲಿ ವಿನ್ಯಾಸದ ಏರಿಳಿತವನ್ನು ಅಲೆಯಂತೆ ಓದುವ ಗೇಬರ್ ಎಂಬ ಶೋಧಕವನ್ನು ಓಡಿಸಿ, ಪ್ರತಿ ಜಾಗದ ಅಲೆಯ ಹಂತವನ್ನು (ಫೇಸ್) 2 ಬಿಟ್‌ಗಳಲ್ಲಿ ಬರೆಯುತ್ತದೆ. ಒಟ್ಟು 2048 ಬಿಟ್, ಅಂದರೆ ಬರೀ 256 ಬೈಟ್. ಇದೇ ಆ ಕಣ್ಣಿನ ಸಂಕೇತ. ರೆಪ್ಪೆ, ಕೂದಲು, ಹೊಳಪು ಮುಚ್ಚಿದ ಜಾಗಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಬೇರೆ ಗುರುತಿನ ಪಟ್ಟಿ ಜೊತೆಗಿರುತ್ತದೆ.

ಎರಡು ಸಂಕೇತಗಳನ್ನು ಪಕ್ಕ ಪಕ್ಕ ಇಟ್ಟು ಎಷ್ಟು ಬಿಟ್ ಬೇರೆ ಇವೆ ಎಂದು ಎಣಿಸಿ, ಹೋಲಿಸಿದ ಒಟ್ಟು ಬಿಟ್‌ಗಳಿಂದ ಭಾಗಿಸಿದರೆ ಹ್ಯಾಮಿಂಗ್ ಅಂತರ ಸಿಗುತ್ತದೆ. ಬೇರೆ ಬೇರೆ ಕಣ್ಣುಗಳಾದರೆ ಅರ್ಧದಷ್ಟು ಬಿಟ್ ಬೇರೆ ಇರುತ್ತವೆ, ಅಂತರ 0.5ರ ಆಸುಪಾಸು. ಒಂದೇ ಕಣ್ಣಾದರೆ ಅಂತರ ತುಂಬ ಕಡಿಮೆ. ಆದರೆ ಎಂದೂ ಸೊನ್ನೆಯಲ್ಲ, ಪ್ರತಿ ಸಲವೂ ಬೆಳಕು, ರೆಪ್ಪೆ ಸ್ವಲ್ಪ ಬೇರೆ. ತಲೆ ಓರೆಯಾದದ್ದನ್ನು ಸರಿದೂಗಿಸಲು ಸಂಕೇತವನ್ನು ಎಡಕ್ಕೂ ಬಲಕ್ಕೂ ಕೆಲವು ಹೆಜ್ಜೆ ಜಾರಿಸಿ, ಅತಿ ಕಡಿಮೆ ಬಂದ ಅಂತರವನ್ನೇ ಹಿಡಿಯುತ್ತಾರೆ. ಬಿಟ್‌ಗಳು ಒಂದಕ್ಕೊಂದು ಸಂಬಂಧವಿರುವುದರಿಂದ 2048ರಲ್ಲಿ ನಿಜವಾಗಿ ಸ್ವತಂತ್ರವಾದವು ಸುಮಾರು 249 ಎಂದು ಡಾಗ್ಮನ್ ಲೆಕ್ಕ ಹಾಕಿದ್ದಾರೆ. 249 ನಾಣ್ಯ ಚಿಮ್ಮಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ರಾಜಮುಖ ಬೀಳುವ ಸಂಭವ ಎಷ್ಟೋ, ಬೇರೊಬ್ಬರ ಕಣ್ಣು ನಿಮ್ಮದೆಂದು ತಪ್ಪಾಗಿ ಒಪ್ಪುವ ಸಂಭವವೂ ಹೆಚ್ಚುಕಡಿಮೆ ಅಷ್ಟೇ. ಅಂತರ ಇಷ್ಟರೊಳಗಿದ್ದರೆ ಒಂದೇ ಕಣ್ಣು ಎಂದು ಒಪ್ಪುವ ಗಡಿಯನ್ನು, ಅವರ ಕೋಷ್ಟಕದ ಪ್ರಕಾರ, 0.32ಕ್ಕೆ ಇಟ್ಟರೆ ಅದು 2.6 ಕೋಟಿಯಲ್ಲಿ ಒಂದು, 0.30ಕ್ಕೆ ಇಳಿಸಿದರೆ 150 ಕೋಟಿಯಲ್ಲಿ ಒಂದು, 0.35ಕ್ಕೆ ಸಡಿಲಿಸಿದರೆ 1.33 ಲಕ್ಷದಲ್ಲಿ ಒಂದು.

ಇಲ್ಲಿ ಗಮನಿಸಿ: "ಇವರು ತಾವು ಹೇಳಿಕೊಂಡ ವ್ಯಕ್ತಿಯೇ ಹೌದೇ" ಎಂದು ಒಂದಕ್ಕೊಂದು ಹೋಲಿಸುವಾಗ 0.32 ಧಾರಾಳ ಸಾಕು. ಕೋಟಿಗಟ್ಟಲೆ ದಾಖಲೆಗಳಲ್ಲಿ ಹುಡುಕುವಾಗ ಪ್ರತಿ ಹೋಲಿಕೆಯೂ ತಪ್ಪಿಗೆ ಇನ್ನೊಂದು ಅವಕಾಶ. ಆದ್ದರಿಂದ ಗಡಿಯನ್ನು ಬಿಗಿ ಮಾಡಲೇಬೇಕು. ಪ್ರಾಜೆಕ್ಟ್ ಮಾಡುವ ಹುಡುಗರು ಇದನ್ನು ಮರೆತು ಇಪ್ಪತ್ತು ಸಹಪಾಠಿಗಳ ಕಣ್ಣಿನ ಮೇಲೆ ಗಡಿ ಹೊಂದಿಸಿ "ನೂರಕ್ಕೆ ನೂರು" ಎಂದು ವರದಿ ಬರೆಯುತ್ತಾರೆ. ಆ ಅಂಕಿಗೆ ಅರ್ಥವಿಲ್ಲ.

ಪ್ರಶ್ನೆ: ನಮ್ಮ ಸೇವಾ ಕೇಂದ್ರದಲ್ಲಿ ಐರಿಸ್ ಯಂತ್ರ ಒಂದೊಂದು ದಿನ ಎಲ್ಲರದ್ದೂ ಸರಾಗ, ಒಂದೊಂದು ದಿನ ಯಾರದ್ದೂ ಆಗುವುದಿಲ್ಲ. ಮಳೆಗಾಲದಲ್ಲಿ ಜಾಸ್ತಿ. ಜನ ನಮಗೆ ಬೈಯುತ್ತಾರೆ.
– ಕಂಪ್ಯೂಟರ್ ಆಪರೇಟರ್, ಬೈಂದೂರು

ಉತ್ತರ: ಮೊದಲು ತೆರೆಯ ಮೇಲೆ ಬರುವ ಸಂಖ್ಯೆ ಓದಿ. 300 ಬಂದರೆ ಬಯೋಮೆಟ್ರಿಕ್ ಹೊಂದಿಕೆಯಾಗಿಲ್ಲ, ಮತ್ತೆ ಸರಿಯಾಗಿ ತೆಗೆಯಬೇಕು. 330 ಬಂದರೆ ಆ ವ್ಯಕ್ತಿಯೇ ಬಯೋಮೆಟ್ರಿಕ್ ಲಾಕ್ ಮಾಡಿಕೊಂಡಿದ್ದಾರೆ, ನೀವು ಇಡೀ ದಿನ ತೆಗೆದರೂ ಆಗದು, ಅವರು ಅನ್‌ಲಾಕ್ ಮಾಡಬೇಕು. 811 ಬಂದರೆ ಆ ಬಯೋಮೆಟ್ರಿಕ್ ಕೇಂದ್ರ ದಾಖಲೆಯಲ್ಲೇ ಇಲ್ಲ, ಆಧಾರ್ ಕೇಂದ್ರದಲ್ಲಿ ಅಪ್‌ಡೇಟ್ ಮಾಡಿಸಲು ಕಳಿಸಿ. ಈ ಮೂರನ್ನು ಕಾಗದದಲ್ಲಿ ಬರೆದು ಮೇಜಿಗೆ ಅಂಟಿಸಿಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಯಾರದ್ದೂ ಆಗದ ದಿನ ತಪ್ಪು ಯಂತ್ರದ ಕಡೆಗಿದೆ ಎಂದೇ ತಿಳಿಯಿರಿ. ಕರಾವಳಿಯ ಮಳೆಗಾಲದಲ್ಲಿ ಎಸಿ ಕೋಣೆಯಿಂದ ಹೊರತಂದ ಯಂತ್ರದ ಗಾಜಿನ ಮೇಲೆ ಕೂಡಲೇ ಹಬೆ ಕೂರುತ್ತದೆ. ಹತ್ತು ಹದಿನೈದು ನಿಮಿಷ ಹೊರಗಿಟ್ಟು ಆಮೇಲೆ ಬಳಸಿ. ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟರೆ ಕ್ಯಾಮೆರಾ ಲೆನ್ಸಿಗೆ ಹಿಡಿಯುವ ಬೂಷ್ಟು ಇದಕ್ಕೂ ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಗಾಜು ಒರಸಲು ಕನ್ನಡಕದ ಮೆತ್ತನೆಯ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಲುಂಗಿ ಅಂಚು, ಸೆರಗು ಬೇಡ. ಗೀರು ಬಿದ್ದರೆ ಸರಿಮಾಡಲಾಗದು.

ಒಟಿಜಿ ತಂತಿಯಿಂದ ಮೊಬೈಲಿಗೆ ಸಿಕ್ಕಿಸುವ ಯಂತ್ರವಾದರೆ ಮೊಬೈಲಿನ ಚಾರ್ಜ್ ನೋಡಿ. ವಿದ್ಯುತ್ ಸಾಲದಿದ್ದರೆ ಅವಕೆಂಪು ದೀಪ ಮಂಕಾಗಿ ಚಿತ್ರ ಕಪ್ಪಾಗುತ್ತದೆ. ಆರ್‌ಡಿ ಸರ್ವಿಸ್ (ಯಂತ್ರವನ್ನು ಆಧಾರ್ ವ್ಯವಸ್ಥೆಗೆ ಜೋಡಿಸುವ ತಂತ್ರಾಂಶ) ಚಾಲೂ ಇದೆಯೇ, ಅದರ ಅವಧಿ ಮುಗಿದಿದೆಯೇ, ಮೊಬೈಲಿನ ದಿನಾಂಕ-ಸಮಯ ಸರಿಯಿದೆಯೇ ಎಂದು ನೋಡಿ. ಗಡಿಯಾರ ತಪ್ಪಿದ್ದರೆ ಚಿತ್ರ ಎಷ್ಟು ಚೆನ್ನಾಗಿದ್ದರೂ ಕೋರಿಕೆ ತಿರಸ್ಕೃತವಾಗುತ್ತದೆ.

ಎರಡೂ ಕಣ್ಣು ಒಟ್ಟಿಗೆ ತೆಗೆಯುವ ಯಂತ್ರವನ್ನು ತಲೆಕೆಳಗೆ ಹಿಡಿಯಬೇಡಿ. ಹಿಡಿದರೆ ಎಡಗಣ್ಣು ಬಲಗಣ್ಣಾಗಿ ದಾಖಲಾಗುತ್ತದೆ. ನೋಂದಣಿಯಲ್ಲೇ ಇದು ನಡೆದರೆ ಮುಂದೆ ಆ ವ್ಯಕ್ತಿ ಹೋದಲ್ಲೆಲ್ಲ ಕಷ್ಟಪಡುತ್ತಾರೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಕಿಟಕಿಗೆ ಎದುರಾಗಿ ಕುರ್ಚಿ ಹಾಕಬೇಡಿ, ಬೆನ್ನ ಹಿಂದೆಯೂ ಬೇಡ, ಪಕ್ಕದಲ್ಲಿರಲಿ, ಪರದೆ ಇಳಿಬಿಡಿ.

ಪ್ರಶ್ನೆ: ಆ ಬೆಳಕು ಕಣ್ಣಿಗೆ ಹಾನಿಯೇ? ಗರ್ಭಿಣಿಯರು ತೋರಿಸಬಹುದೇ?
– ಗೃಹಿಣಿ, ಕುಂದಾಪುರ

ಉತ್ತರ: ಹಾನಿಯಿಲ್ಲ, ತೋರಿಸಬಹುದು. ಅದು ಎಕ್ಸ್-ರೇ ಅಲ್ಲ, ಲೇಸರ್ ಕೂಡ ಅಲ್ಲ, ಸಣ್ಣ ಎಲ್‌ಇಡಿ ದೀಪ. ಟಿವಿ ರಿಮೋಟಿನ ತುದಿಯಲ್ಲಿರುವುದೂ ಇದೇ ಜಾತಿಯ ಬೆಳಕು. ಇಂತಹ ದೀಪಗಳ ತೀವ್ರತೆಗೆ ಐಇಸಿ 62471 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ.

ಪ್ರಶ್ನೆ: ಕಣ್ಣಿನ ಪರೀಕ್ಷೆಗೆ ಹನಿ ಮದ್ದು ಹಾಕಿಸಿಕೊಂಡ ಮರುದಿನ ಅಬುಧಾಬಿಗೆ ಹೊರಟಿದ್ದೇನೆ. ಅಲ್ಲಿ ಕಣ್ಣು ಸ್ಕ್ಯಾನ್ ಮಾಡುತ್ತಾರಂತೆ. ತೊಂದರೆ ಆಗಬಹುದೇ?
– ಗಲ್ಫ್ ಉದ್ಯೋಗಿ, ಉಳ್ಳಾಲ

ಉತ್ತರ: ಯಾವ ಹನಿ ಎಂಬುದರ ಮೇಲೆ ಹೋಗುತ್ತದೆ. ಪಾಪೆ ಹಿಗ್ಗಿಸುವ ಟ್ರೋಪಿಕಮೈಡ್‌ನ ಪರಿಣಾಮ 4ರಿಂದ 8 ಗಂಟೆಯಲ್ಲಿ ಇಳಿಯುತ್ತದೆ. ಸೈಕ್ಲೊಪೆಂಟೊಲೇಟ್ ಹೆಚ್ಚುಕಡಿಮೆ ಒಂದು ದಿನ, ಹೊಮಾಟ್ರೊಪಿನ್ ಒಂದರಿಂದ ಮೂರು ದಿನ ಇರುತ್ತದೆ. ಅಟ್ರೊಪಿನ್ ಆದರೆ ಒಂದರಿಂದ ಎರಡು ವಾರ. ಪಾಪೆ ತೀರಾ ಹಿಗ್ಗಿದಾಗ ಐರಿಸ್ ಕಿರಿದಾದ ಪಟ್ಟಿಯಾಗಿ ಒತ್ತಿಕೊಳ್ಳುತ್ತದೆ, ಅದರ ನಾರುಗಳು ಮಡಚಿಕೊಂಡು ಹಳೆಯ ದಾಖಲೆಗೆ ಹೊಂದುವುದಿಲ್ಲ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಇದಕ್ಕೊಂದು ಹಿನ್ನೆಲೆಯಿದೆ. ಗಡೀಪಾರಾದವರು ಬೇರೆ ಹೆಸರಲ್ಲಿ ಮರಳಿ ಬರದಂತೆ ಅಲ್ಲಿ 2001ರಿಂದಲೇ ಗಡಿಯಲ್ಲಿ ಐರಿಸ್ ಪರೀಕ್ಷೆ ಇದೆ. ಕೆಲವರು ಅಟ್ರೊಪಿನ್ ಹಾಕಿಕೊಂಡು ತಪ್ಪಿಸಿಕೊಳ್ಳಲು ನೋಡಿದ ಮೇಲೆ, ಪಾಪೆ ಅಸಹಜವಾಗಿ ಹಿಗ್ಗಿರುವವರನ್ನು ಬೇರೆ ನಿಲ್ಲಿಸಿ ಪರೀಕ್ಷಿಸುವ ಕ್ರಮ ಬಂತು. ನೀವು ಪ್ರಾಮಾಣಿಕರಾಗಿದ್ದರೂ ಅಲ್ಲಿ ಗಂಟೆಗಟ್ಟಲೆ ಕಾಯಬೇಕಾದೀತು. ವೈದ್ಯರಿಗೆ ಪ್ರಯಾಣದ ದಿನ ಮೊದಲೇ ಹೇಳಿ, ಬೇಗ ಇಳಿಯುವ ಹನಿಯನ್ನೇ ಕೇಳಿ. ಹನಿಯ ಹೆಸರು, ಹಾಕಿದ ದಿನಾಂಕ ಇರುವ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಸಾಧ್ಯವಿದ್ದರೆ ಪರೀಕ್ಷೆಯನ್ನು ಪ್ರಯಾಣಕ್ಕೆ ಎರಡು ವಾರ ಮೊದಲೇ ಮುಗಿಸುವುದು ಉತ್ತಮ.

ಪ್ರಶ್ನೆ: ಕಳೆದ ತಿಂಗಳು ಬಲಗಣ್ಣಿನ ಪೊರೆ ಆಪರೇಷನ್ ಆಯಿತು. ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. ಆಧಾರ್‌ನಲ್ಲಿ ಹಳೆಯ ಕಣ್ಣು ಇದೆಯಲ್ಲ?
– ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ಮೇಷ್ಟ್ರೇ, ಚಿಂತೆ ಬೇಡ. ಪೊರೆ ಬರುವುದು ಐರಿಸ್‌ನ ಹಿಂದಿರುವ ಮಸೂರಕ್ಕೆ. ಅದನ್ನು ತೆಗೆದು ಕೃತಕ ಮಸೂರ ಹಾಕುವಾಗ ಸಾಮಾನ್ಯವಾಗಿ ಐರಿಸ್‌ನ ವಿನ್ಯಾಸ ಹಾಗೇ ಉಳಿಯುತ್ತದೆ. ಆಪರೇಷನ್‌ನಲ್ಲಿ ಐರಿಸ್‌ಗೆ ಪೆಟ್ಟಾಗಿ ಪಾಪೆ ದುಂಡಗಿನ ಆಕಾರ ಬಿಟ್ಟು ಮೊಟ್ಟೆಯಾಕಾರವಾದರೆ ಮಾತ್ರ ಹೊಂದಿಕೆ ತಪ್ಪಬಹುದು. ಕನ್ನಡಿಯಲ್ಲಿ ನೋಡಿದರೆ ನಿಮಗೇ ತಿಳಿಯುತ್ತದೆ. ಹಾಗಿದ್ದರೆ ಹನಿಗಳೆಲ್ಲ ನಿಂತು, ಊತ ಇಳಿದು, ನಾಲ್ಕರಿಂದ ಆರು ವಾರ ಕಳೆದ ಮೇಲೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ. ಅಲ್ಲಿಯವರೆಗೆ ಎಡಗಣ್ಣು ತೋರಿಸಿ, ಒಂದೇ ಸಾಕು. ಇಲ್ಲವೇ ಮನೆಯಲ್ಲೇ ಮಗನ ಮೊಬೈಲಿನಿಂದ ಮುಖ ತೋರಿಸಿ ಜೀವನ ಪ್ರಮಾಣ ಮಾಡಬಹುದು. ಕೇಂದ್ರ ಸರಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ನವೆಂಬರ್‌ನ ಸರದಿ ತಪ್ಪುತ್ತದೆ.

ಪ್ರಶ್ನೆ: ಬೋಟಿನಲ್ಲಿ ಕೆಲಸ. ಎರಡೂ ಕಣ್ಣಿನಲ್ಲಿ ಮೂಗಿನ ಕಡೆಯಿಂದ ಮಾಂಸ ಬೆಳೆದಿದೆ. ಸ್ಕ್ಯಾನ್ ಆಗುತ್ತಿಲ್ಲ.
– ಮೀನುಗಾರರು, ಮಲ್ಪೆ

ಉತ್ತರ: ಅದು ಟೆರಿಜಿಯಂ. ಬಿಸಿಲಿನ ಅತಿನೇರಳೆ ಕಿರಣ, ಗಾಳಿ, ಧೂಳಿಗೆ ವರ್ಷಗಟ್ಟಲೆ ಕಣ್ಣೊಡ್ಡಿದವರಿಗೆ ಬರುತ್ತದೆ. ಬಿಳಿಗುಡ್ಡೆಯ ಮೇಲೆ ಇರುವಷ್ಟು ಕಾಲ ಸ್ಕ್ಯಾನ್‌ಗೆ ಅಡ್ಡಿಯಿಲ್ಲ. ಕಾರ್ನಿಯಾದ ಮೇಲೆ ಹತ್ತಿ ಐರಿಸ್‌ನ ಮುಂದೆ ಬಂದರೆ ಆ ಭಾಗ ಮುಚ್ಚಿಹೋಗುತ್ತದೆ. ಕಡಿಮೆ ಬೆಳೆದಿರುವ ಕಣ್ಣನ್ನು ಮೊದಲು ತೋರಿಸಿ ನೋಡಿ. ಆದರೆ ಸ್ಕ್ಯಾನ್‌ಗಿಂತ ದೃಷ್ಟಿ ಮುಖ್ಯ. ಅದು ಪಾಪೆಯ ಕಡೆ ಸರಿಯುತ್ತಿದ್ದರೆ ತಡ ಮಾಡದೆ ನೇತ್ರವೈದ್ಯರಿಗೆ ತೋರಿಸಿ. ಕಡಲಿಗೆ ಹೋಗುವಾಗ ಅತಿನೇರಳೆ ತಡೆಯುವ ಕನ್ನಡಕ, ಅಂಚಿರುವ ಟೊಪ್ಪಿ ಹಾಕಿ.

ಜೊತೆಗೊಂದು ಮಾತು: ಕೆಂಗಣ್ಣು ಬಂದಾಗ ಐರಿಸ್ ಕೆಡುವುದಿಲ್ಲ, ಆದರೂ ಸ್ಕ್ಯಾನ್‌ಗೆ ಹೋಗಬೇಡಿ. ಮುಖಕ್ಕೆ ತಾಗಿಸುವ ಯಂತ್ರದಿಂದ ಅದು ಹತ್ತು ಜನರಿಗೆ ಹರಡುತ್ತದೆ.

ಪ್ರಶ್ನೆ: ನಾವು ಅವಳಿ ಅಕ್ಕತಂಗಿಯರು, ಅಮ್ಮನಿಗೇ ಗುರುತು ತಪ್ಪುತ್ತದೆ. ಯಂತ್ರಕ್ಕೂ ತಪ್ಪಬಹುದೇ? ಪ್ರಾಯವಾದರೆ ಕಣ್ಣು ಬದಲಾಗುತ್ತದೆಯೇ?
– ಕಾಲೇಜು ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಐರಿಸ್ ಯಂತ್ರಕ್ಕೆ ತಪ್ಪುವುದಿಲ್ಲ. ಬಣ್ಣ ವಂಶದಿಂದ ಬರುತ್ತದೆ, ಸೂಕ್ಷ್ಮ ವಿನ್ಯಾಸ ಹಾಗಲ್ಲ. ನಿಮ್ಮದೇ ಎಡಗಣ್ಣಿಗೂ ಬಲಗಣ್ಣಿಗೂ ಹೊಂದುವುದಿಲ್ಲ ಎಂದಮೇಲೆ ತಂಗಿಯದ್ದು ಹೇಗೆ ಹೊಂದೀತು? ಮುಖ ನೋಡಿ ತೆರೆಯುವ ಮೊಬೈಲ್ ಮಾತ್ರ ನಿಮ್ಮಿಬ್ಬರಿಗೂ ತೆರೆದುಕೊಳ್ಳಬಹುದು, ಪಾಸ್‌ವರ್ಡ್ ಇಟ್ಟುಕೊಳ್ಳಿ.

ಪ್ರಾಯದ ಬಗ್ಗೆ ಒಂದು ಪ್ರಸಿದ್ಧ ಉದಾಹರಣೆ ಇದೆ. 1984ರಲ್ಲಿ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಆಫ್ಘನ್ ಹುಡುಗಿ ಶರ್ಬತ್ ಗುಲಾ ಅವರ ಚಿತ್ರ ಲೋಕವಿಖ್ಯಾತ. 2002ರಲ್ಲಿ ಆಕೆ ಸಿಕ್ಕರು ಎಂದಾಗ ಹಳೆಯ, ಹೊಸ ಚಿತ್ರಗಳ ಐರಿಸ್ ಹೋಲಿಸಿದವರು ಮೇಲೆ ಹೇಳಿದ ಡಾಗ್ಮನ್ ಅವರೇ. ಎಡಗಣ್ಣಿನ ಹ್ಯಾಮಿಂಗ್ ಅಂತರ 0.24, ಬಲಗಣ್ಣಿನದ್ದು 0.31 ಬಂತು. ಹದಿನೆಂಟು ವರ್ಷದ ಕಷ್ಟದ ಬದುಕು ಮುಖವನ್ನು ಬದಲಿಸಿತ್ತು, ಐರಿಸ್ ಅವರದ್ದೇ ಎಂದಿತು. ಆಕೆಯದ್ದು ತಿಳಿಬಣ್ಣದ ಕಣ್ಣಾದ್ದರಿಂದ ಸಾಮಾನ್ಯ ಫೋಟೊದಿಂದಲೂ ಇದು ಸಾಧ್ಯವಾಯಿತು ಎಂಬುದನ್ನು ನೆನಪಿಡಿ.

ಪ್ರಶ್ನೆ: ಮಗುವಿನ ಆಧಾರ್‌ನಲ್ಲಿ ಕಣ್ಣು ತೆಗೆದಿಲ್ಲ. ತಪ್ಪಾಗಿದೆಯೇ?
– ತಾಯಿ, ಬಂಟ್ವಾಳ

ಉತ್ತರ: ತಪ್ಪಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಫೋಟೊ ಮಾತ್ರ, ದೃಢೀಕರಣ ಅಪ್ಪ ಅಥವಾ ಅಮ್ಮನದ್ದು. 5 ತುಂಬಿದಾಗ ಬೆರಳು, ಕಣ್ಣು ಎರಡನ್ನೂ ಸೇರಿಸಬೇಕು, 15 ತುಂಬಿದಾಗ ಮತ್ತೊಮ್ಮೆ. 5ರಿಂದ 7 ಮತ್ತು 15ರಿಂದ 17ರ ನಡುವೆ ಮಾಡಿಸಿದರೆ ಶುಲ್ಕವಿಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿದರೆ ನಿಮ್ಮ ಉಸಿರಿಗೂ ಅಲುಗುತ್ತದೆ, ಗಟ್ಟಿ ಕುರ್ಚಿಯಲ್ಲಿ ಬೇರೆ ಕೂರಿಸಿ, "ಫೋಟೊ ತೆಗೆಯುವುದು" ಎಂದು ಹೇಳಿ. ಅತ್ತ ಕೂಡಲೇ ತೆಗೆಯಬೇಡಿ, ಕಣ್ಣೀರು ಹೊಳೆದು ಚಿತ್ರ ಕೆಡುತ್ತದೆ.

ಪ್ರಶ್ನೆ: ಮದುವೆ ಫೋಟೊಗಳು ಈಗ ಬಹಳ ಸ್ಪಷ್ಟ. ಅದರಿಂದ ನಮ್ಮ ಕಣ್ಣು ಕದ್ದು ಬ್ಯಾಂಕಿನ ಹಣ ತೆಗೆಯಬಹುದೇ?
– ಬಿಜೈ, ಮಂಗಳೂರು

ಉತ್ತರ: ಮದುವೆ ಫೋಟೊದಿಂದ ಬಹಳ ಕಷ್ಟ. ಗಾಢ ಕಂದು ಕಣ್ಣು ಸಾಮಾನ್ಯ ಕ್ಯಾಮೆರಾದಲ್ಲಿ ವಿವರ ಬಿಟ್ಟುಕೊಡುವುದಿಲ್ಲ. ಹಾಗೆಂದು ಕಣ್ಣನ್ನು ಯಾರೂ ನಕಲು ಮಾಡಲಾರರು ಎಂದೂ ಅಲ್ಲ. 2017ರಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ಹ್ಯಾಕರ್‌ಗಳ ಕೂಟದವರು ರಾತ್ರಿ ಚಿತ್ರೀಕರಣದ ಮೋಡ್‌ನಲ್ಲಿ, ಅಂದರೆ ಅವಕೆಂಪಿನಲ್ಲಿ, ಕಣ್ಣಿನ ಫೋಟೊ ತೆಗೆದು, ಲೇಸರ್ ಪ್ರಿಂಟರ್‌ನಲ್ಲಿ ಮುದ್ರಿಸಿ, ಅದರ ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಇಟ್ಟು ಕಣ್ಣಿನ ಉಬ್ಬು ಬರಿಸಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್8 ಮೊಬೈಲ್ ತೆರೆದು ತೋರಿಸಿದರು. ಅದಕ್ಕೇ ಒಳ್ಳೆಯ ಯಂತ್ರಗಳು ಕಣ್ಣು ಜೀವಂತವೇ ಎಂದೂ ಪರೀಕ್ಷಿಸುತ್ತವೆ: ಬೆಳಕು ಬದಲಿಸಿದಾಗ ಪಾಪೆ ಕುಗ್ಗಿತೇ, ಹೊಳಪು ಇರಬೇಕಾದ ಜಾಗದಲ್ಲೇ ಬಂತೇ ಎಂದು.

ನಮ್ಮೂರಲ್ಲಿ ಈವರೆಗೆ ಕಂಡ ದೊಡ್ಡ ಅಪಾಯ ಬೆರಳಚ್ಚಿನದ್ದು. 2023ರಲ್ಲಿ ಮಂಗಳೂರು ಸುತ್ತಮುತ್ತ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ, ಪತ್ರದಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದಿದ್ದರು. ಉಪಾಯ ಬಯೋಮೆಟ್ರಿಕ್ ಲಾಕ್. ಮೈಆಧಾರ್ ಜಾಲತಾಣದಲ್ಲಿ ಲಾಕ್ ಆಯ್ಕೆ ಒತ್ತಿ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಕೊಡಿ. ಬೆರಳು, ಕಣ್ಣು, ಮುಖ ಮೂರೂ ಮುಚ್ಚುತ್ತವೆ, ಒಟಿಪಿ ಮಾತ್ರ ನಡೆಯುತ್ತದೆ. ರೇಷನ್‌ಗೆ ಹೋಗುವ ಮೊದಲು ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಲು ಮರೆಯಬೇಡಿ. ಅದೇ ಜಾಲತಾಣದಲ್ಲಿ ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬ ಪಟ್ಟಿಯೂ ಸಿಗುತ್ತದೆ, ಆಗಾಗ ನೋಡಿ. ಹಣ ಹೋದದ್ದು ಗೊತ್ತಾದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಹಾಜರಿಗೆ ಐರಿಸ್ ಯಂತ್ರ ತರುತ್ತಾರಂತೆ. ಒಪ್ಪಬಹುದೇ?
– ಖಾಸಗಿ ಸಂಸ್ಥೆಯ ಉದ್ಯೋಗಿ, ಮಣಿಪಾಲ

ಉತ್ತರ: ಕೇಳದೆ ಒಪ್ಪಬೇಡಿ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಕಣ್ಣನ್ನು ಬದಲಿಸಲಾಗದು. "ನಾವು ಚಿತ್ರ ಇಡುವುದಿಲ್ಲ, ಸಂಕೇತ ಮಾತ್ರ ಇಡುತ್ತೇವೆ" ಎಂಬ ಉತ್ತರಕ್ಕೆ ಸಮಾಧಾನಪಡಬೇಡಿ. ಆ ಸಂಕೇತದಿಂದಲೇ ಯಂತ್ರವನ್ನು ನಂಬಿಸುವ ಕಣ್ಣಿನ ಚಿತ್ರವನ್ನು ಮರಳಿ ಕಟ್ಟಬಹುದೆಂದು 2012ರಲ್ಲಿ ಸ್ಪೇನಿನ ಸಂಶೋಧಕರು ತೋರಿಸಿದ್ದಾರೆ.

ಸಂಕೇತ ಎಲ್ಲಿ ಇರುತ್ತದೆ ಎಂದು ಕೇಳಿ: ಬಾಗಿಲ ಬಳಿಯ ಯಂತ್ರದಲ್ಲೋ, ಕಚೇರಿಯ ಸರ್ವರ್‌ನಲ್ಲೋ, ಯಂತ್ರ ಮಾರಿದವರ ಬಳಿಯೋ. ಗೂಢಲಿಪಿಯಲ್ಲಿದೆಯೇ, ಕೀಲಿ ಯಾರ ಕೈಯಲ್ಲಿದೆ ಎಂದು ಕೇಳಿ. ಹಾಜರಿಗೆ ಉದ್ಯೋಗಿಯ ಕಾರ್ಡಿನೊಳಗೇ ಸಂಕೇತ ಇಟ್ಟು, ಆ ಕಾರ್ಡಿನೊಂದಿಗೆ ಮಾತ್ರ ಹೋಲಿಸುವ ವ್ಯವಸ್ಥೆ ಸಾಕು. ಎಲ್ಲರ ಕಣ್ಣನ್ನೂ ಒಂದೇ ಕಡೆ ಗುಡ್ಡೆ ಹಾಕುವ ಅಗತ್ಯವೇ ಇಲ್ಲ. ಕಣ್ಣಿನ ತೊಂದರೆ ಇರುವವರಿಗೆ ಕಾರ್ಡ್ ಅಥವಾ ಪಿನ್‌ನ ಬದಲಿ ದಾರಿ ಇರಲಿ. ಇವೆಲ್ಲಕ್ಕೂ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೆಲಸ ಬಿಡುವ ದಿನ, ನಿಮ್ಮ ಐರಿಸ್ ದಾಖಲೆಯನ್ನು ಬ್ಯಾಕಪ್ ಸಹಿತ ಅಳಿಸಿದ್ದಾರೆ ಎಂಬ ಪತ್ರವನ್ನು ಅನುಭವ ಪತ್ರದ ಜೊತೆಗೇ ಕೇಳಿ.